ವಿಲಿಯಂ ರೀಡನಿಗೊಂದು ಎಡೆ

ಚಂದ್ರಹಾಸನ ತಲೆಗೆ ಒಂದು ಐಡಿಯಾ ಹೊಳೆಯಿತೆಂದರೆ ಅಂಬುಜಾ ಮೊದಲು ಹೋಗಿ ಒಲೆ ಆರಿಸುತ್ತಾಳೆ. ಮದುವೆಯಾದ ಹೊಸದರಲ್ಲಿ ಗಂಡ ಹೇಳುವುದನ್ನು ಬಾಯಿಬಿಟ್ಟುಕೊಂಡು ಕೇಳುತ್ತಾ ನಿಂತು ಒಂದು ಪಾತ್ರೆ ಹಾಲು ಉಕ್ಕಿಸಿಕೊಂಡಿದ್ದಳು. ಅಲ್ಲಿಂದೀಚೆಗೆ ಅನುಭವ ಬಂದಿದೆ. ರೊಟೊಟೂನ ಬಡಾವಣೆಯ ಈ ಮನೆಗೆ ಬಂದ ಮೇಲೆ ಆತ ಹಿತ್ತಲಲ್ಲಿ ರಾಗಿ ಬಿತ್ತಿದ್ದಾನೆ (ಬೆಳೆದದ್ದು ಅರ್ಧ ಮುದ್ದೆಗಾಗುವಷ್ಟು, ತಿಂದದ್ದು ಗುಬ್ಬಚ್ಚಿಗಳು). ಹಳೇ ವಾಷಿಂಗ್ ಮೆಷೀನಿನಲ್ಲಿ ದೋಸೆಹಿಟ್ಟು ರುಬ್ಬಲು ಹೋಗಿ ಗ್ಯಾರೇಜಿನ ಸೂರಿಗೆ ಉದ್ದಿನಬೇಳೆಯ ಸುಣ್ಣ ಹೊಡೆದಿದ್ದಾನೆ. ಹಗಲೆಲ್ಲಾ ಹ್ಯಾಮಿಲ್ಟನ್ನಿನ ಆಚೆ ಹಾಲಿನ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡುವ ಇಂಜಿನಿಯರ್ ಆತ. ರಿಪೇರಿಯ ಚಟ ಮನೆಗೂ ಬರುತ್ತದೆ, ಏನು ಮಾಡುವುದು.

ಹಾಗಾಗಿ ಆ ಚಳಿಗಾಲದ ಭಾನುವಾರ (ಭೂಮಿಯ ಈ ದಕ್ಷಿಣದ ತುದಿಯಲ್ಲಿ ಚಳಿಗಾಲ ಬರುವುದು ಜೂನಿನಲ್ಲಿ) ಆತ ಅಡುಗೆಮನೆಗೆ ಬಂದು, "ಅಂಬೂ, ಐಲ್ಸಾ ಆಂಟಿಗೆ ಏನು ಕೊಡಬೇಕು ಅಂತ ಗೊತ್ತಾಯ್ತು ಕಣೇ" ಎಂದಾಗ ಅಂಬುಜಾ ಒಲೆ ಆರಿಸಿ, ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತಳು.

"ಹೇಳಿ. ಈ ಸಲ ಯಾವುದನ್ನ ಒಡೀತೀರಿ?"

ಒಡೆಯುವುದೇನೂ ಇರಲಿಲ್ಲ, ಹುಡುಕುವುದಿತ್ತು. ಅದನ್ನು ಹೇಳುವ ಮೊದಲು ಐಲ್ಸಾ ಆಂಟಿಯ ವಿಷಯ ಹೇಳಬೇಕು.

ಆಂಟಿ ಪಕ್ಕದ ಮನೆಯವರು. ಎಂಬತ್ತೆರಡು ವರ್ಷ, ನೆಟ್ಟಗಿನ ಬೆನ್ನು. ಗಂಡ ಹೋದ ಮೇಲೆ ಹಸುಗಳನ್ನೂ ಜಮೀನನ್ನೂ ಮಾರಿ ಈ ಬಡಾವಣೆಗೆ ಬಂದರೂ ಹಿಂದೆ ಸಾಮಾನು ಹೇರುವ ಹಳೇ ಯೂಟ್ ಗಾಡಿಯನ್ನು ಮಾತ್ರ ಮಾರಿರಲಿಲ್ಲ. ಚಂದ್ರಹಾಸ, ಅಂಬುಜಾ ಮೈಸೂರಿನಿಂದ ಬಂದಿಳಿದ ಮೊದಲ ಚಳಿಗಾಲದಲ್ಲಿ ಇಬ್ಬರೂ ಮನೆಯೊಳಗೆ ಕಂಬಳಿ ಹೊದ್ದು ಹಲ್ಲು ಕಡಿಯುತ್ತಾ ಕೂತಿದ್ದಾಗ, ಯಾರೆಂದೇ ತಿಳಿಯದ ಮುದುಕಿಯೊಬ್ಬರು ಬಾಗಿಲು ತಟ್ಟಿ, ಒಂದು ಹೀಟರನ್ನೂ ಒಂದು ಕುಂಬಳಕಾಯಿಯನ್ನೂ ಇಟ್ಟು, ಹೆಸರೂ ಕೇಳದೆ ಹೋಗಿದ್ದರು. ಲಾಸ್ಯಾ ಹುಟ್ಟುವ ದಿನ ಅಂಬುಜಾಗೆ ನೋವು ಶುರುವಾದಾಗ ಚಂದ್ರಹಾಸ ಕಾರ್ಖಾನೆಯ ಹಾಲಿನ ಪುಡಿ ಒಣಗಿಸುವ ಗೋಪುರದೊಳಗೆ, ಅವನ ಫೋನು ಲಾಕರಿನೊಳಗೆ. ಆಂಟಿಯೇ ಅವಳನ್ನು ತೋಟದ ಗೊಬ್ಬರದ ಮೂಟೆಯ ಪಕ್ಕ ಯೂಟ್‌ನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊಡೆದರು, ಹೆರಿಗೆಯುದ್ದಕ್ಕೂ ಕೈ ಹಿಡಿದು ನಿಂತರು. ತಲೆಯಿಂದ ಕಾಲಿನವರೆಗೆ ಪುಡಿ ಮೆತ್ತಿಕೊಂಡು ಓಡಿಬಂದ ಚಂದ್ರಹಾಸನನ್ನು ನೋಡಿದ ನರ್ಸು, ಇವರ ಕಡೆಯ ಪೂಜಾರಿ ಬಂದರು ಎಂದುಕೊಂಡಳಂತೆ.

ಬಾಣಂತನಕ್ಕೆ ಮಂಡ್ಯದಿಂದ ಬಂದ ಚಂದ್ರಹಾಸನ ಅಮ್ಮ ವಸಂತಮ್ಮನವರಿಗೂ ಆಂಟಿಗೂ ಗಳಸ್ಯ ಕಂಠಸ್ಯ. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಅಡುಗೆಮನೆಯ ಮೇಜಿನ ಎರಡು ಬದಿ ಕೂತು ಅವರೆಕಾಯಿ ಬಿಡಿಸುತ್ತಾ ಮಧ್ಯಾಹ್ನವೆಲ್ಲಾ ಮಾತಾಡುತ್ತಿದ್ದರು. (ಇಬ್ಬರೂ ಸೊಸೆಯಂದಿರನ್ನೇ ಬೈದುಕೊಳ್ಳುತ್ತಿದ್ದರೆಂದು ಅಂಬುಜಾಳ ಗುಮಾನಿ.) ವಸಂತಮ್ಮ ಈಗಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನ ಆಂಟಿ ಬಂದು ಚಂದ್ರಹಾಸನ ಪಕ್ಕ ಕೂತಿದ್ದರು, ಕತ್ತಲಾಗುವವರೆಗೆ. ಅಂಥ ಋಣ ತೀರಿಸುವುದಕ್ಕಾಗುವುದಿಲ್ಲ ಎಂದು ಗೊತ್ತಿದ್ದೂ ಆತ ಏನಾದರೊಂದು ಮಾಡಬೇಕೆಂದು ಒದ್ದಾಡುತ್ತಿದ್ದ. ನವೆಂಬರಿನಲ್ಲಿ ಆಂಟಿ ಈ ಮನೆ ಬಿಟ್ಟು ದೂರದ ಊರಾದ ಅಪ್ಪರ್ ಹಟ್‌ನಲ್ಲಿರುವ ಮಗಳ ಮನೆಗೆ ಹೋಗುವವರಿದ್ದರು.

ಹೋಗುವ ಮುಂಚೆ ಅವರಿಗೆ ಒಂದೇ ಆಸೆ. ಅವರ ತವರು ರೀಡ್ ಮನೆತನ. ಮುತ್ತಜ್ಜ ಜೇಮ್ಸ್ ರೀಡ್ ಸ್ಕಾಟ್ಲೆಂಡಿನ ಏರ್‌ಶೈರ್‌ನಿಂದ ಹಡಗು ಹತ್ತಿ ಬಂದು, ಇದೇ ವೈಕಾಟೊ ಸೀಮೆಯ ಜೌಗು ನೆಲ ಬಸಿದು ಹಸು ಕಟ್ಟಿದವನು. ಹಳ್ಳಿ ಚರ್ಚಿನ ಹಿಂದೆ ಅವನನ್ನು ಮಣ್ಣು ಮಾಡಿದ ಜಾಗದಲ್ಲಿದ್ದ ಮರದ ಶಿಲುಬೆ ಎಂದೋ ಗೆದ್ದಲು ಹಿಡಿದು ಹೋಗಿತ್ತು. ಅಲ್ಲೊಂದು ಕಲ್ಲು ನೆಡಿಸಬೇಕು, ಅದರ ಮೇಲೆ ಜೇಮ್ಸನ ಜತೆ ಅವನ ತಾಯಿಯ ಹೆಸರೂ ಇರಬೇಕು. ಆದರೆ ಆ ತಾಯಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಜೇಮ್ಸ್ ತೀರಿಕೊಂಡಾಗ ಸಾವಿನ ದಾಖಲೆ ಬರೆಸಿದ ಪಕ್ಕದ ಜಮೀನಿನವನು ತಂದೆಯ ಹೆಸರು ವಿಲಿಯಂ, ತಾಯಿಯ ಹೆಸರು ತಿಳಿಯದು ಎಂದು ಬರೆಸಿ ಕೈ ತೊಳೆದುಕೊಂಡಿದ್ದ.

"ಇಪ್ಪತ್ನಾಲ್ಕರ ಹುಡುಗ ಅಮ್ಮನ್ನ ಬಿಟ್ಟು ಹಡಗು ಹತ್ತಿದ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಲ್ಲಿನ ಮೇಲಾದರೂ ಅಕ್ಕಪಕ್ಕ ಇರಲಿ ಅಂತ" ಎಂದಿದ್ದರು ಆಂಟಿ. (ಆಂಟಿ ಮಾತಾಡುವುದು ಇಂಗ್ಲಿಷಿನಲ್ಲೇ. ಕನ್ನಡ ಮಾಡಿದ ಪಾಪ ಕಥೆ ಹೇಳುವವರದು.)

ಇದೀಗ ಚಂದ್ರಹಾಸನ ಐಡಿಯಾ: ಆ ಹೆಸರನ್ನು ತಾನೇ ಹುಡುಕಿಕೊಡುವುದು.

ಅಂಬುಜಾ ಗಂಡನ ಜೇಬುಗಳ ಕಡೆ ನೋಡಿದಳು. "ನಿಮ್ಮ ಕಾರಿನ ಕೀ ಎಲ್ಲಿದೆ ಈಗ?" ಎಂದು ಕೇಳಿದಳು. ಆತ ಜೇಬು ತಡಕಿದ. "ಫ್ರಿಜ್ಜಿನ ಮೇಲಿದೆ" ಎಂದು ಅವಳೇ ಹೇಳಿ, ಎದ್ದು ಹೋಗಿ ಒಲೆ ಹಚ್ಚಿದಳು. ಅದು ಅನುಮತಿ.

ಅಲ್ಲಿಂದ ಮೂರು ತಿಂಗಳು ಆ ಮನೆಯಲ್ಲಿ ಬದುಕಿದ್ದವರಿಗಿಂತ ಸತ್ತವರ ಸುದ್ದಿಯೇ ಹೆಚ್ಚಾಯಿತು. ಚಂದ್ರಹಾಸ ಶನಿವಾರಗಳಂದು ಹಳ್ಳಿ ಚರ್ಚಿಗೆ ಹೋಗಿ ಹಳೇ ದೀಕ್ಷಾಸ್ನಾನದ ಪುಸ್ತಕಗಳ ಮುಂದೆ ಕೂರುವನು, ಉಳಿದ ದಿನ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಸ್ಕಾಟ್ಲೆಂಡಿನ ಜನನ ಮರಣದ ದಾಖಲೆಗಳೊಳಗೆ ಇಳಿಯುವನು. ಹಳೇ ಪಾದ್ರಿಗಳ ಕೈಬರಹ ಓದಲು ಭೂತಗನ್ನಡಿ ಕೊಂಡ. ಸಾರು ಬಡಿಸಿದರೆ, "ಇವರ ಮನೇಲೂ ಕಾಲರಾ ಬಂದಿತ್ತು ಕಣೇ" ಎನ್ನುವನು. ಹದಿನಾರರ ಲಾಸ್ಯಾ ಕನ್ನಡ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲೇ ಕೊಡುವವಳು. "ಅಪ್ಪಾ, ವಿ ಆರ್ ಈಟಿಂಗ್" ಎಂದು ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುವಳು.

ಕಡೆಗೆ ಇಬ್ಬರು ಜೇಮ್ಸ್‌ಗಳು ಸಿಕ್ಕಿದರು. ಒಂದೇ ವರ್ಷ, ಅಕ್ಕಪಕ್ಕದ ಎರಡು ಹಳ್ಳಿಯಲ್ಲಿ, ವಿಲಿಯಂ ರೀಡ್ ಎಂಬ ಹೆಸರಿನ ಇಬ್ಬರು ರೈತರಿಗೆ ಒಂದೊಂದು ಗಂಡುಮಗು. ಎರಡಕ್ಕೂ ಜೇಮ್ಸ್ ಎಂದೇ ಹೆಸರು. (ಏರ್‌ಶೈರ್‌ನಲ್ಲಿ ಹೆಸರುಗಳಿಗೂ ರೇಷನ್ ಇತ್ತೋ ಏನೋ.) ಒಬ್ಬನ ತಾಯಿ ಜಾನೆಟ್, ಇನ್ನೊಬ್ಬನ ತಾಯಿ ಗ್ರಿಜೆಲ್. ಇಬ್ಬರಲ್ಲಿ ಆಂಟಿಯ ಮುತ್ತಜ್ಜ ಯಾರು?

ಇಲ್ಲಿ ಚಂದ್ರಹಾಸನ ಬುದ್ಧಿ ದೀಪದಂತೆ ಉರಿಯಿತು. ಹ್ಯಾಮಿಲ್ಟನ್ ಕಡೆಗೆ ಬಂದ ಜೇಮ್ಸ್ ತನ್ನ ಮೊದಲ ಮಗನಿಗೆ ೧೮೭೬ರಲ್ಲಿ ವಿಲಿಯಂ ಎಂದು ಹೆಸರಿಟ್ಟಿದ್ದ. ಅಂದರೆ ಅಜ್ಜನ ಹೆಸರು ಮೊಮ್ಮಗನಿಗೆ. "ನಮ್ಮ ಥರಾನೇ ಕಣೇ ಇವರು!" ಎಂದು ಆತ ಕುಣಿದುಬಿಟ್ಟ. ಅವನದೇ ಉದಾಹರಣೆ ಇತ್ತಲ್ಲ. ಅವನ ಅಜ್ಜ ಚಂದ್ರೇಗೌಡರು ಕಾಲವಾದ ಆರು ತಿಂಗಳಿಗೆ ಇವನು ಹುಟ್ಟಿದ, ಅಜ್ಜನ ಹೆಸರನ್ನೇ ಸ್ವಲ್ಪ ಪಾಲಿಷ್ ಮಾಡಿ ಚಂದ್ರಹಾಸ ಎಂದಿಟ್ಟರು. ವಸಂತಮ್ಮ ಮಾವನ ಹೆಸರು ಬಾಯಲ್ಲಿ ಹೇಳುವುದುಂಟೇ? ಕಡೆಯವರೆಗೂ ಮಗನನ್ನು ಪುಟ್ಟು ಎಂದೇ ಕರೆದರು. ಅಜ್ಜ ಹೋದ ಮೇಲೆ ತಾನೇ ಅವನ ಹೆಸರು ಮಗುವಿಗೆ? ಬದುಕಿರುವ ಹಿರಿಯರ ಹೆಸರಿಟ್ಟರೆ ಮಗುವನ್ನು ಬೈಯುವುದು ಹೇಗೆ, ಮುದುಕರ ಆಯಸ್ಸಿನ ಗತಿ ಏನು? ಆದ್ದರಿಂದ ೧೮೭೬ಕ್ಕೆ ಮುಂಚೆ ಸತ್ತ ವಿಲಿಯಂ ಯಾರೋ ಅವನೇ ಆಂಟಿಯವರ ಹಿರಿಯ. ಗ್ರಿಜೆಲ್‌ಳ ಗಂಡ ವಿಲಿಯಂ ೧೮೮೯ರವರೆಗೆ ಗಟ್ಟಿಮುಟ್ಟಾಗಿದ್ದ. ಜಾನೆಟ್‌ಳ ಗಂಡ ವಿಲಿಯಂ ೧೮೭೧ರಲ್ಲೇ ತೀರಿಕೊಂಡಿದ್ದ. ಕೇಸು ಖುಲಾಸ್. ಮುಂದಕ್ಕೆ ಹುಡುಕುವ ಅಗತ್ಯವೇ ಇಲ್ಲವೆಂದು ಚಂದ್ರಹಾಸ ಲ್ಯಾಪ್‌ಟಾಪ್ ಮುಚ್ಚಿದ.

ಜಾನೆಟ್ ಎಂಬ ಹೆಸರು ಕೇಳಿ ಆಂಟಿ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು. ಚಂದ್ರಹಾಸನ ಕೆನ್ನೆ ತಟ್ಟಿದರು. ಕಲ್ಲು ಕೆತ್ತುವವನಿಗೆ ಹೆಸರು ಹೋಯಿತು. ಅವನು ಒಪ್ಪಿಕೊಂಡ ಬೇರೆ ಕೆಲಸಗಳೆಲ್ಲ ಮುಗಿದು ಇವರ ಸರದಿ ಬರುವುದು ಸೆಪ್ಟೆಂಬರಿನ ಕೊನೆಯ ಸೋಮವಾರಕ್ಕಂತೆ.

ಎಲ್ಲವೂ ಸುಸೂತ್ರ, ಒಂದನ್ನು ಬಿಟ್ಟು. ಜಾನೆಟ್‌ಳ ಗಂಡ ವಿಲಿಯಂ ರೀಡ್ ಯೋಗ್ಯ ಮನುಷ್ಯನಾಗಿರಲಿಲ್ಲ. ಆ ಕಾಲದಲ್ಲಿ ಊರ ಚರ್ಚಿನ ಹಿರಿಯರದೊಂದು ಪಂಚಾಯ್ತಿ ಇತ್ತು, ಅದರ ವರದಿಗಳಲ್ಲಿ ವಿಲಿಯಂ ಮೇಲಿಂದ ಮೇಲೆ ದರ್ಶನ ಕೊಡುತ್ತಿದ್ದ. ಭಾನುವಾರ ಕುಡಿದದ್ದಕ್ಕೆ ಒಮ್ಮೆ, ಪ್ರಾರ್ಥನೆಯ ನಡುವೆ ಗೊರಕೆ ಹೊಡೆದದ್ದಕ್ಕೆ ಒಮ್ಮೆ, ಪಾದ್ರಿಯ ಹೊಲದ ಟರ್ನಿಪ್ ಗಡ್ಡೆ ಕಿತ್ತದ್ದಕ್ಕೆ ಮತ್ತೊಮ್ಮೆ. ಕಡೆಗೆ ಸಂತೆಯಿಂದ ಬರುತ್ತಾ ದಾರಿಬದಿಯ ಚರಂಡಿಗೆ ಬಿದ್ದು ಸತ್ತಿದ್ದ. ಆಂಟಿಯೋ ತಮ್ಮ ಚರ್ಚಿನ ಹಿರಿಯರಲ್ಲೊಬ್ಬರು. ಇವರ ಮನೆಗೆ ಬಂದಾಗಲೆಲ್ಲ ಟೀ ಬಿಟ್ಟು ಬೇರೇನೂ ಕುಡಿದದ್ದೇ ಇಲ್ಲ. ಅವರಿಗೆ ಇದನ್ನೆಲ್ಲಾ ಹೇಗೆ ಹೇಳುವುದು? ವಿಲಿಯಂ ಎಂಥವನಾಗಿದ್ದ ಎಂದು ಅವರು ಕೇಳಿದಾಗ ಚಂದ್ರಹಾಸ ಬೆವರುತ್ತಾ, "ತುಂಬಾ ಸಮಾಜಮುಖಿ ವ್ಯಕ್ತಿ, ಆಂಟಿ" ಎಂದುಬಿಟ್ಟ.

ಹೆಂಡತಿಯ ಮುಂದೆ ಮಾತ್ರ ನಿಜ ಹೇಳಿದ. ಅಂಬುಜಾ ನಗಲಿಲ್ಲ. ಹಿರಿಯರು ಹೆಂಗಿದ್ದರೂ ಹಿರಿಯರೇ, ಪಾಪ, ಚರಂಡೀಲಿ ಬಿದ್ದು ಸತ್ತವನಿಗೆ ಇಷ್ಟು ವರ್ಷ ಯಾರೂ ಒಂದು ಎಡೆ ಇಟ್ಟಿಲ್ಲ, ಅತೃಪ್ತಿ ಇರುವುದಿಲ್ಲವೇ ಎಂದಳು. ಮಹಾಲಯ ಅಮಾವಾಸ್ಯೆ ಆ ಸಲ ಭಾನುವಾರ ಬಂದಿತ್ತು, ಕಲ್ಲು ಕೆತ್ತುವ ಸೋಮವಾರದ ಹಿಂದಿನ ದಿನವೇ. ಹೇಗೂ ಮನೆಯಲ್ಲಿ ಹಿರಿಯರ ಹಬ್ಬ. ಅತ್ತೆ ಮಾವನವರಿಗೆ ಇಡುವ ಎಡೆಯ ಪಕ್ಕ ಇನ್ನೊಂದು ಎಲೆ ಹಾಕಿದರಾಯಿತು, ಆಂಟಿಯನ್ನೂ ಕರೆದರಾಯಿತು.

ಚಂದ್ರಹಾಸ ತಕ್ಷಣ ಒಪ್ಪಿದ. ಅವನು ತಕ್ಷಣ ಒಪ್ಪಿದ್ದು ಅಂಬುಜಾಗೆ ಅನುಮಾನ ತರಿಸಬೇಕಿತ್ತು. ಮಂಡ್ಯದ ಕಡೆ ಹಿರಿಯರ ಎಡೆಗೆ ಸತ್ತವರು ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲಾ ಇಡಬೇಕು: ಮಟನ್ ಸಾರು, ಮುದ್ದೆ, ಕಜ್ಜಾಯ, ಎಲೆಅಡಿಕೆ, ಬೀಡಿ, ಕುಡಿಯುವವರಾಗಿದ್ದರೆ ಅದೂ. ಹಿರಿಯರು ಉಂಡ ಮೇಲೆ ಉಳಿದದ್ದು ಮನೆಯವರಿಗೆ ಪ್ರಸಾದ. ಡಾಕ್ಟರು ಅವನಿಗೆ ಬಿ.ಪಿ. ಎಂದ ದಿನದಿಂದ ಆ ಮನೆಯಲ್ಲಿ ಬಾಟಲಿಗೆ ಪ್ರವೇಶ ಇರಲಿಲ್ಲ. ಈಗ ಅಂಗಡಿಯಿಂದ ಸ್ಕಾಟ್ಲೆಂಡಿನ ಉತ್ತಮೋತ್ತಮ ಬಾಟಲಿಯೊಂದನ್ನು ಎದೆಗವಚಿಕೊಂಡು ತಂದ ಚಂದ್ರಹಾಸ, "ಅವರ ಕಡೆಯ ಪದ್ಧತಿ ಅಂಬೂ, ಬಿಡೋ ಹಂಗಿಲ್ಲ" ಎಂದು ಗಂಭೀರವಾಗಿ ಫ್ರಿಜ್ಜಿನ ಪಕ್ಕ ಇಟ್ಟ.

ಭಾನುವಾರ ಆಂಟಿ ಹೂವಿನ ಸ್ಕರ್ಟ್ ಹಾಕಿಕೊಂಡು, ತಾವೇ ಬೇಯಿಸಿದ ಬೆಣ್ಣೆ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಲೌಂಜಿನ ಪೂರ್ವದ ಗೋಡೆಗೆ ಚಂದ್ರಹಾಸನ ಅಪ್ಪ ಅಮ್ಮನ ಫೋಟೋ, ಹೂವು, ಹೊಸ ಸೀರೆ, ಪಂಚೆ. ಏಷ್ಯನ್ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಎಲೆಗಳ ಮೇಲೆ ಮುದ್ದೆ, ಸಾರು, ವಡೆ, ಕಜ್ಜಾಯ. ಪಕ್ಕದ ಎಲೆಯ ಮುಂದೆ ಫೋಟೋ ಇಲ್ಲದ ವಿಲಿಯಂ ರೀಡನಿಗೊಂದು ಮೇಣದ ಬತ್ತಿ. ಎಲೆಯ ಮೇಲೆ ಅದೇ ಊಟ, ಜತೆಗೆ ಓಟ್ಸ್ ಗಂಜಿ, ಬೇಯಿಸಿದ ಟರ್ನಿಪ್ (ಕದ್ದು ತಿಂದದ್ದಕ್ಕಿಂತ ಕೊಟ್ಟು ತಿನ್ನಿಸಿದ್ದು ಮೇಲು ಎಂದು ಅಂಬುಜಾ), ಒಂದು ಲೋಟ ವಿಸ್ಕಿ. ಆಂಟಿ ಟರ್ನಿಪ್ ಯಾಕೆಂದು ಕೇಳಲಿಲ್ಲ. ವಸಂತಮ್ಮನ ಫೋಟೋದ ಮುಂದೆ ನಿಂತು, ಸ್ನೇಹಿತೆಯನ್ನು ಬೀದಿಯಲ್ಲಿ ಕಂಡವರಂತೆ ತಲೆಯಾಡಿಸಿದರು.

ಧೂಪ ಹಾಕುವ ಹೊತ್ತು ಬಂತು. ಈ ಮನೆಯಲ್ಲಿ ಧೂಪ ಎಂದರೆ ಕೆಲಸ ಹಂಚಿಕೆಯಾಗಿದೆ. ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹಿರಿಯರ ಹೆಸರು ಹೇಳುವುದು ಅಂಬುಜಾ. ಹೊಗೆಗೆ ಬಡಿದುಕೊಳ್ಳುವ ಅಲಾರಂ ಕೆಳಗೆ, ಹಜಾರದಲ್ಲಿ, ಕುರ್ಚಿ ಹತ್ತಿ ಟವೆಲ್ ಬೀಸುವುದು ಚಂದ್ರಹಾಸ. ವರ್ಷವೂ ಹೀಗೇ. ಅಂದೂ ಅಲಾರಂ ಕೂಗಿತು, ಆತ ಬೀಸಿದ, ಅಂಬುಜಾ ಒಳಗೆ ಏನೇನೋ ಹೇಳಿ ಅಡ್ಡಬಿದ್ದಳು. ಆಮೇಲೆ ಎಲ್ಲರನ್ನೂ ಹೊರಡಿಸಿ ಲೌಂಜಿನ ಬಾಗಿಲು ಹಾಕಿದಳು. ಹಿರಿಯರು ಉಣ್ಣುವಾಗ ನೋಡಬಾರದು.

ಅವಳು ಬಾಗಿಲ ಕಾವಲಿಗೆ ನಿಂತಳು, ಉಳಿದವರು ಗ್ಯಾರೇಜಿಗೆ ಬಂದು ನಿಂತರು. ಕಾಯುತ್ತಾ ಆಂಟಿ ಫೋನು ತೆಗೆದು ಒಂದು ಎಳೆಮಗುವಿನ ಚಿತ್ರ ತೋರಿಸಿದರು. ಅಪ್ಪರ್ ಹಟ್‌ನ ಮೊಮ್ಮಗಳಿಗೆ ಮೊನ್ನೆ ಹುಟ್ಟಿದ ಹೆಣ್ಣುಮಗು. ಲಾಸ್ಯಾ ಹೆಸರೇನೆಂದು ಕೇಳಿದಳು.

"ಐಲ್ಸಾ" ಎಂದರು ಆಂಟಿ, ಸ್ವಲ್ಪ ನಾಚಿಕೊಂಡು.

ಚಂದ್ರಹಾಸ ಮಗುವನ್ನು ನೋಡಿದ, ಆಂಟಿಯನ್ನು ನೋಡಿದ. "ಆದರೆ ಆಂಟಿ, ನೀವು ಇನ್ನೂ..."

"ಹೌದು, ಬೆಳಿಗ್ಗೆ ಎದ್ದಾಗ ನೋಡಿಕೊಂಡೆ, ಇದ್ದೆ."

"ಬದುಕಿರೋವಾಗಲೇ ಹೆಸರು ಇಡ್ತಾರಾ ನಿಮ್ಮಲ್ಲಿ?"

"ಯಾವಾಗಲೂ. ನಮ್ಮಪ್ಪನ ಹೆಸರು ನಮ್ಮಣ್ಣನ ಮಗನಿಗೆ ಇಟ್ಟಾಗ ಅಪ್ಪನೇ ತೊಟ್ಟಿಲು ಮಾಡಿಕೊಟ್ಟ. ಸತ್ತ ಮೇಲೆ ಇಟ್ಟರೆ ಮುದುಕರು ಖುಷಿ ಪಡೋದು ಯಾವಾಗ?"

ಗ್ಯಾರೇಜಿನ ಕಾಂಕ್ರೀಟು ಕಾಲ ಕೆಳಗಿಂದ ಜಾರಿದಂತಾಯಿತು ಚಂದ್ರಹಾಸನಿಗೆ. ಮೊಮ್ಮಗನಿಗೆ ಹೆಸರಿಡಲು ಅಜ್ಜ ಸಾಯಬೇಕಿರಲಿಲ್ಲ. ೧೮೭೬ರಲ್ಲಿ ಬದುಕಿದ್ದ ವಿಲಿಯಂ ರೀಡನನ್ನು, ಬದುಕಿದ್ದನೆಂಬ ಒಂದೇ ತಪ್ಪಿಗೆ, ಆತ ಮನೆತನದಿಂದ ಹೊರಗೆ ಹಾಕಿದ್ದ. ನಾಳೆ ಬೆಳಿಗ್ಗೆ ಯಾರೋ ಜಾನೆಟ್‌ಳ ಹೆಸರು ಕಲ್ಲಿನ ಮೇಲೆ ಬೀಳುತ್ತದೆ, ಯಾರೋ ಅಮ್ಮನ ಪಕ್ಕದಲ್ಲಿ ಯಾರೋ ಮಗ ಮಲಗುತ್ತಾನೆ. ಲ್ಯಾಪ್‌ಟಾಪಿಗಾಗಿ ಓಡಿದ. ಲ್ಯಾಪ್‌ಟಾಪ್ ಲೌಂಜಿನಲ್ಲಿತ್ತು. ಬಾಗಿಲಿಗೆ ಅಡ್ಡ ಅಂಬುಜಾ ನಿಂತಿದ್ದಳು.

"ಅರ್ಧ ಊಟದಲ್ಲಿ ಹಿರಿಯರನ್ನ ಎಬ್ಬಿಸ್ತೀರೇನ್ರೀ?"

"ಅಂಬೂ, ಒಳಗೆ ಊಟ ಮಾಡ್ತಿರೋನು ಆಂಟಿ ಕಡೆಯವನೇ ಅಲ್ಲ ಕಣೇ. ಬೇರೆ ಯಾರೋ."

"ಸೋ ದೇರ್ ಈಸ್ ಎ ರ್‍ಯಾಂಡಮ್ ಡೆಡ್ ಗೈ ಇನ್ ಅವರ್ ಲೌಂಜ್?" ಎಂದಳು ಅಪ್ಪನ ಹಿಂದೆಯೇ ಓಡಿಬಂದ ಲಾಸ್ಯಾ. ಆ ಹಬ್ಬದಲ್ಲಿ ಅವಳಿಗೆ ಮೊದಲ ಸಲ ಆಸಕ್ತಿ ಹುಟ್ಟಿತ್ತು.

ಅಂಬುಜಾ, ಯಾರಾದರೇನು, ಎಲೆ ಮುಂದೆ ಕೂರಿಸಿದ ಮೇಲೆ ಏಳಿಸುವುದು ನಮ್ಮಲ್ಲಿಲ್ಲ ಎಂದು ತೀರ್ಪು ಕೊಟ್ಟಳು. ಹೀಗಾಗಿ ಚಂದ್ರಹಾಸ ಗ್ಯಾರೇಜಿಗೆ ವಾಪಸು ಬಂದು, ಯಾವ ದಾಖಲೆಯ ಆಸರೆಯೂ ಇಲ್ಲದೆ, ಬರೀ ಬಾಯಲ್ಲಿ ಆಂಟಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಇಬ್ಬರು ಜೇಮ್ಸ್, ಇಬ್ಬರು ವಿಲಿಯಂ, ತನ್ನ ಅಜ್ಜ ಚಂದ್ರೇಗೌಡರು, ತನ್ನ ಅತಿಬುದ್ಧಿ, ಚರಂಡಿ, ಟರ್ನಿಪ್. ಅವರಿಗೆ ಋಣ ಸಂದಾಯ ಮಾಡಲು ಹೋಗಿ ಅವರ ಮುತ್ತಜ್ಜನಿಗೆ ಅಮ್ಮನನ್ನೇ ಬದಲಿಸಿಬಿಟ್ಟೆನೆಂದು ಹೇಳಿ ಕೈ ಮುಗಿದ.

ಆಂಟಿ ಬೈಯಲಿಲ್ಲ. ಹಾಗಾದರೆ ಇನ್ನೊಬ್ಬಳ ಹೆಸರೇನು ಎಂದಷ್ಟೇ ಕೇಳಿದರು.

"ಗ್ರಿಜೆಲ್."

ಆಂಟಿ ಪಕ್ಕದಲ್ಲಿದ್ದ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. "ಇನ್ನೊಂದು ಸಲ ಹೇಳು."

ಹೇಳಿದ.

"ನನ್ನ ಅಂಚೆಡಬ್ಬಿಯ ಮೇಲೆ ಐಲ್ಸಾ ಜಿ. ಅಂತ ಇದೆಯಲ್ಲ, ಆ ಜಿ ಏನು ಅಂತ ಒಮ್ಮೆಯಾದರೂ ಕೇಳಿದ್ದೀಯಾ?"

ಚಂದ್ರಹಾಸ ಕೇಳಿರಲಿಲ್ಲ. ಅವನಿಗೆ ಅದರ ಬಗ್ಗೆ ಸಂಶಯವೇ ಬಂದಿರಲಿಲ್ಲ. ನಮ್ಮಲ್ಲಿ ಇನಿಷಿಯಲ್ ಎಂದರೆ ಊರು ಇಲ್ಲವೇ ಅಪ್ಪ. ಆಂಟಿಯ ಅಪ್ಪನ ಹೆಸರು ಜಿಯಿಂದ ಶುರುವಾಗದ್ದರಿಂದ ಅದು ಗ್ಲಾಸ್ಗೋ ಎಂದು ಆತ ಎಂದೋ ತೀರ್ಮಾನಿಸಿಕೊಂಡಿದ್ದ. ಹಾಗೆಂದು ಹೇಳಿಯೂ ಬಿಟ್ಟ.

ಆಂಟಿ ನಗಲು ಶುರುಮಾಡಿದರು, ನಗುನಗುತ್ತಲೇ ಅತ್ತರು. ಅವರ ಮನೆಯಲ್ಲಿ ತಲೆಮಾರಿಗೊಬ್ಬ ಹುಡುಗಿಗೆ ಗ್ರಿಜೆಲ್ ಎಂಬ ಹೆಸರು ಅಂಟುತ್ತಿತ್ತಂತೆ. ಅಪ್ಪನ ಅಕ್ಕನಿಗಿತ್ತು, ಆಮೇಲೆ ಇವರಿಗೆ. ಯಾರಿಂದ ಬಂತೋ ಒಬ್ಬರಿಗೂ ಗೊತ್ತಿಲ್ಲ. ಶಾಲೆಯಲ್ಲಿ ಹುಡುಗರು ಅಳುಬುರುಕಿ ಎಂದು (ಇಂಗ್ಲಿಷಿನಲ್ಲಿ ಗ್ರಿಜಲ್ ಎಂದರೆ ರಾಗ ಎಳೆದು ಅಳುವುದು) ಕಾಡಿದ್ದರಿಂದ ಇವರು ಅದನ್ನು ಒಂದಕ್ಷರಕ್ಕೆ ಇಳಿಸಿ ಜೀವಮಾನವಿಡೀ ಮುಚ್ಚಿಟ್ಟಿದ್ದರು. "ಅವನು ಅಮ್ಮನ್ನ ಮರೆತಿರಲಿಲ್ಲ. ಮನೆಯ ಹುಡುಗಿಯರ ಹೆಸರಲ್ಲಿ ಅವಳನ್ನ ಬರೆದಿಟ್ಟಿದ್ದ. ನಾನೇ ಅವಳನ್ನ ಎಂಬತ್ತು ವರ್ಷ ಬಚ್ಚಿಟ್ಟಿದ್ದೆ" ಎಂದರು. ಅಂಬುಜಾ ಬಾಗಿಲ ಕಾವಲು ಬಿಟ್ಟು ಬಂದು ಅವರ ಪಕ್ಕ ಮೂಟೆಯ ಮೇಲೆ ಕೂತು, ಹೆರಿಗೆಯ ದಿನ ಅವರು ತನ್ನ ಕೈ ಹಿಡಿದಂತೆಯೇ ಅವರ ಕೈ ಹಿಡಿದುಕೊಂಡಳು.

ಕಲ್ಲು ಕೆತ್ತುವವನು ಮೀನು ಹಿಡಿಯಲು ಹೋಗಿದ್ದ. ಫೋನು ಎತ್ತಿ, ಉಳಿ ಇನ್ನೂ ಮುಟ್ಟಿಲ್ಲ, ಹೆಸರು ಬದಲಿಸಬಹುದು, ಆದರೆ ಈ ಸಲ ಖಾತ್ರಿಯಾಗಿ ಹೇಳಿ ಎಂದ. ಅಷ್ಟರಲ್ಲಿ ಹಿರಿಯರ ಊಟ ಮುಗಿದಿತ್ತು. ಬಾಗಿಲು ತೆರೆದು ಚಂದ್ರಹಾಸ ಲ್ಯಾಪ್‌ಟಾಪಿಗೆ ಬಿದ್ದ. ತಾನು ಅಂದು ಹುಡುಕದೆ ಬಿಟ್ಟಿದ್ದನ್ನು ಹುಡುಕಿದ: ಜಾನೆಟ್‌ಳ ಮಗ ಜೇಮ್ಸ್ ಹಡಗನ್ನೇ ಹತ್ತಿರಲಿಲ್ಲ. ಅಲ್ಲೇ, ಸಾವಿನ ದಾಖಲೆಯಲ್ಲಿ 'ದರ್ಜಿ, ಅವಿವಾಹಿತ' ಎಂದು ಬರೆಸಿಕೊಂಡು, ಅಪ್ಪ ಅಮ್ಮನ ಹೆಸರಿನ ಸಮೇತ ತೀರಿಕೊಂಡಿದ್ದ. ಉಳಿದವನು ಗ್ರಿಜೆಲ್‌ಳ ಜೇಮ್ಸ್. ಖಾತ್ರಿಯಾಯಿತು.

ಈಗ ಪ್ರಸಾದ. ಚಂದ್ರಹಾಸ ಅಷ್ಟೊಂದು ಬಳಲಿದ್ದನಾದ್ದರಿಂದ ಅವನ ಕೈ ತಾನಾಗಿಯೇ ವಿಲಿಯಂನ ಎಲೆಯ ಕಡೆ ಹೋಯಿತು. ಅಂಬುಜಾ ಲೋಟವನ್ನೂ ಬಾಟಲಿಯನ್ನೂ ಎತ್ತಿ ಆಂಟಿಯ ಮುಂದಿಟ್ಟಳು.

"ಅವನು ಅವರ ಹಿರಿಯ ಅಲ್ಲ ಅಂತ ಆಯ್ತಲ್ಲೇ" ಎಂದ ಆತ ದೀನನಾಗಿ.

"ನಮ್ಮೋನೂ ಅಲ್ಲ. ಊರಾದ್ರೂ ಅವರ ಕಡೇದು."

ಆಂಟಿ ಲೋಟ ಎತ್ತಿ, ಒಂದೇ ಗುಟುಕಿಗೆ ಇಳಿಸಿ, ತುಟಿ ಒರೆಸಿಕೊಂಡು, ಬಹಳ ಒಳ್ಳೆಯದಿದೆ ಎಂದರು. ಆಂಟಿ ಇದನ್ನೆಲ್ಲಾ ಮುಟ್ಟುವುದಿಲ್ಲ ಎಂದುಕೊಂಡಿದ್ದೆನೆಂದು ಚಂದ್ರಹಾಸ ತೊದಲಿದ. ಇಷ್ಟು ವರ್ಷ ನೀವು ಟೀ ಬಿಟ್ಟು ಬೇರೆ ಏನು ಕೊಟ್ಟಿದ್ದೀರಿ ಎಂದು ಆಂಟಿ ಕೇಳಿದರು. ವಿಲಿಯಂನ ವಿಷಯದಲ್ಲಿ ಅಂಬುಜಾಳ ತೀರ್ಪು ಹೀಗಿತ್ತು: ಒಂದು ಸಲ ಎಡೆ ಇಟ್ಟ ಮೇಲೆ ನಿಲ್ಲಿಸುವ ಹಾಗಿಲ್ಲ. ವರ್ಷವರ್ಷವೂ ಆ ಅನಾಥನಿಗೆ ಎಲೆ ಬೀಳಬೇಕು, ಬಾಟಲಿ ಬರಬೇಕು, ಪ್ರಸಾದಕ್ಕೆ ಆಂಟಿ ಅಪ್ಪರ್ ಹಟ್‌ನಿಂದ ಬರಬೇಕು. ಆಂಟಿ ವಿಮಾನ ಹತ್ತಿಯಾದರೂ ಬರುತ್ತೇನೆಂದರು.

ಊಟಕ್ಕೆ ಕೂತಾಗ ಆಂಟಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾ (ವಸಂತಮ್ಮ ಕಲಿಸಿದ್ದು), ಚಂದ್ರಹಾಸನ ಕಡೆ ತಿರುಗಿದರು. "ನನ್ನ ಮುತ್ತಜ್ಜನ ಅಮ್ಮನ್ನ ಹುಡುಕಿಕೊಟ್ಟೆ, ಮಗನೇ. ಈ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ. ಈಗ ನಿನ್ನ ಕಡೇದು ಹೇಳು. ನಿನ್ನ ಅಜ್ಜನ ಅಮ್ಮನ ಹೆಸರೇನು?"

ಚಂದ್ರಹಾಸ ಬಾಯಿ ತೆರೆದ. ಏರ್‌ಶೈರ್‌ನ ರೀಡ್‌ಗಳ ಹೆಸರು ತಲೆಯಲ್ಲಿ ಸಾಲುಸಾಲಾಗಿ ನಿಂತವು, ದರ್ಜಿ ಜೇಮ್ಸ್ ಸಮೇತ. ತನ್ನ ಅಜ್ಜ ಚಂದ್ರೇಗೌಡರ ಅಮ್ಮ ಮಾತ್ರ ಎಲ್ಲೂ ಇರಲಿಲ್ಲ. ಅವರ ಕಡೆ ಬರೆದಿಡುವ ಚರ್ಚು ಇರಲಿಲ್ಲ, ಮನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು, ಅಷ್ಟೇ. ತಾಯಿಯ ಹೆಸರು ತಿಳಿಯದು ಎಂದು ಬರೆಸಿದ್ದ ಆ ಪಕ್ಕದ ಜಮೀನಿನವನಿಗಿಂತ ತಾನೇನು ಮೇಲು ಎನಿಸಿ ಆತ ಬಾಯಿ ಮುಚ್ಚಿದ.

"ಚಿಕ್ಕತಾಯಮ್ಮ" ಎಂದಳು ಅಂಬುಜಾ, ಸಾರು ಬಡಿಸುತ್ತಾ.

"ನಿನಗೆ ಹೆಂಗೆ ಗೊತ್ತೇ?"

"ಅತ್ತೆ ಹೇಳಿದ್ರು. ಇದೇ ಮೇಜಿನ ಮೇಲೆ, ಅವರೆಕಾಯಿ ಬಿಡಿಸ್ತಾ. ಈ ಆಂಟಿನೂ ಇದ್ರು. ವರ್ಷ ವರ್ಷ ಧೂಪ ಹಾಕುವಾಗ ಹೇಳ್ತೀನಲ್ಲ."

"ನಾನು ಒಂದು ಸಲಾನೂ ಕೇಳಿಲ್ಲ."

"ಎಲ್ಲಿ ಕೇಳ್ತೀರಿ? ನೀವು ಹಜಾರದಲ್ಲಿ ಟವೆಲ್ ಬೀಸ್ತಿರ್ತೀರಿ."

ಚಂದ್ರಹಾಸ ಎದ್ದ. ಕೈ ತೊಳೆದು ಬಂದು, ಇನ್ನೂ ಬಿಸಿಯಿದ್ದ ಕೆಂಡಕ್ಕೆ ಒಂದು ಹಿಡಿ ಸಾಂಬ್ರಾಣಿ ಸುರಿದ. ಅಂಬುಜಾ ಹಾಕುವುದು ಒಂದು ಚಿಟಿಕೆ, ಅವನಿಗೇನು ಗೊತ್ತು. ಮನೆಯೆಲ್ಲಾ ಹೊಗೆ ಎದ್ದಿತು, ಅಲಾರಂ ಕಿರುಚಿಕೊಂಡಿತು. ಈ ಸಲ ಆತ ಜಾಗ ಬಿಟ್ಟು ಕದಲಲಿಲ್ಲ. ಕೆಮ್ಮುತ್ತಾ ನಗುತ್ತಾ ಟವೆಲ್ ಹಿಡಿದು ಓಡಿದ್ದು ಲಾಸ್ಯಾ, ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದು ಕೈಯಲ್ಲಿ ಲೋಟವಿದ್ದ ಆಂಟಿ. ಅಮ್ಮನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿ, ದಾರಿ ತಪ್ಪಿ ಬಂದ ವಿಲಿಯಂ ರೀಡನ ಹೆಸರನ್ನೂ ಹೇಳಿ, ಗ್ರಿಜೆಲ್‌ಳ ಹೆಸರನ್ನೂ ಸೇರಿಸಿ, ಕಡೆಗೆ ಅಲಾರಮ್ಮಿನ ಮೇಲೆ ಕೇಳುವಂತೆ ಹೊಟ್ಟೆಯಿಂದ ಕೂಗಿದ: "ಚಿಕ್ಕತಾಯಮ್ಮಾ!"

ಅಂಬುಜಾ ಕಣ್ಣೊರೆಸಿಕೊಂಡಳು. ಹೊಗೆಗೋ ಏನೋ, ಅವಳು ಹೇಳಲಿಲ್ಲ.

"ಅಷ್ಟು ಜೋರಾಗಿ ಕೂಗ್ಬೇಡಿ. ಅವರಿಗೆ ಕಿವಿ ಕೇಳುತ್ತೆ. ಇಷ್ಟು ವರ್ಷ ಕೇಳ್ದೆ ಇದ್ದೋರು ನೀವು."